ಪಕ್ಕದ ಸೀಟಿನ ಬ್ರೇಕು

ಡ್ರೈವಿಂಗ್ ಮೇಷ್ಟ್ರು ಕಳೆದ ಮಂಗಳವಾರ ಬೆಳಿಗ್ಗೆ ತೀರಿಕೊಂಡರು. ಹೃದಯಾಘಾತ. ಆಸ್ಪತ್ರೆಯ ಬಾಗಿಲಿಗೆ ಬರುವಷ್ಟರಲ್ಲಿ ಉಸಿರು ನಿಂತಿತ್ತು ಎಂದು ಡಾಕ್ಟರು ಹೇಳಿದರು. ಊರಿನ ಅರ್ಧ ಜನಕ್ಕೆ ಗೇರು ಹಾಕಲು ಕಲಿಸಿದ ಮನುಷ್ಯ. ಅಂತ್ಯಕ್ರಿಯೆಗೆ ಬಂದವರಲ್ಲಿ ಬಹಳ ಮಂದಿಗೆ ಅವರ ನಿಜವಾದ ಹೆಸರು ಗೊತ್ತಿರಲಿಲ್ಲ. ಮೇಷ್ಟ್ರು ಅಂದರೆ ಸಾಕಿತ್ತು.

ಸತ್ತ ಮನುಷ್ಯನ ಬಗ್ಗೆ ಬರೆಯುವಾಗ ಗುಣಗಾನದಿಂದ ಶುರು ಮಾಡುವುದು ವಾಡಿಕೆ. ಇವರ ವಿಷಯದಲ್ಲಿ ಹಾಗೆ ಶುರು ಮಾಡಿದರೆ ಅವರೇ ಎದ್ದು ಬಂದು, "ಕನ್ನಡಿ ನೋಡದೆ ಹೊರಟೆಯಲ್ಲೋ" ಎಂದು ತಲೆಗೆ ಮೊಟಕುತ್ತಾರೆ. ಆದ್ದರಿಂದ ಇದನ್ನು ಮೊದಲೇ ಹೇಳಿಬಿಡುವುದು ವಾಸಿ: ಮೇಷ್ಟ್ರಿಗೆ ಹೊಟ್ಟೆಕಿಚ್ಚು ವಿಪರೀತ.

ಎಲ್ಲರ ಮೇಲೂ ಅಲ್ಲ. ಕಾರು ಕೊಂಡವರನ್ನು, ಮಹಡಿ ಕಟ್ಟಿಸಿದವರನ್ನು ಕಂಡು ಅವರು ಕರುಬಿದ್ದಿಲ್ಲ. ಅವರ ಹೊಟ್ಟೆಕಿಚ್ಚೆಲ್ಲ ಒಬ್ಬಳ ಮೇಲೆ. ರಸ್ತೆಯ ಆಚೆ ಬದಿಗೆ, ಅವರ ಕಿಟಕಿಗೆ ಸರಿಯಾಗಿ ಎದುರು, ಇನ್ನೊಂದು ಡ್ರೈವಿಂಗ್ ಶಾಲೆ. ಅದನ್ನು ನಡೆಸುತ್ತಿದ್ದವಳು ಮೇಷ್ಟ್ರ ಕೈಯಲ್ಲೇ ಕಲಿತವಳು. ರಿವರ್ಸ್ ಅಂದರೆ ಮೈ ಬೆವರುತ್ತಿದ್ದ ಹುಡುಗಿಗೆ ಅವರೇ ಗಾಡಿ ಕಲಿಸಿ, ಲೈಸೆನ್ಸ್ ಕೊಡಿಸಿ, ಆಮೇಲೆ ತಮ್ಮಲ್ಲೇ ಕೆಲಸಕ್ಕೆ ಇಟ್ಟುಕೊಂಡಿದ್ದರು. ಒಂದು ದಿನ ಅವಳು ಬಂದು, "ಮೇಷ್ಟ್ರೇ, ಸ್ವಂತದ್ದು ಶುರು ಮಾಡೋಣ ಅಂತಿದ್ದೀನಿ" ಅಂದಳು. "ಮಾಡಮ್ಮ, ಯಾರು ಬೇಡ ಅಂದ್ರು" ಅಂದರು ಮೇಷ್ಟ್ರು, ಊರಿನ ಆ ತುದಿಯಲ್ಲೆಲ್ಲೋ ಮಾಡುತ್ತಾಳೆ ಎಂದುಕೊಂಡು. ಅವಳಿಗೆ ಬಾಡಿಗೆಗೆ ಸಿಕ್ಕಿದ್ದು ಎದುರಿನ ಮಳಿಗೆ. ಅವತ್ತಿನಿಂದ ಮೇಷ್ಟ್ರ ಬಾಯಲ್ಲಿ ಅವಳಿಗೆ ಹೆಸರಿಲ್ಲ, 'ಎದುರಿನವಳು' ಅಷ್ಟೇ. ಮಾತೂ ನಿಂತುಹೋಯಿತು.

ಮೇಷ್ಟ್ರ ಶಾಲೆ ಎಂದರೆ ಮನೆಯ ಮುಂದಿನ ಕೋಣೆ. ಒಂದು ಮೇಜು, ಬಂದವರಿಗೆ ಒಂದು ಬೆಂಚು, ಗೋಡೆಯ ಮೇಲೆ ಬಿಸಿಲಿಗೆ ಬಣ್ಣ ಹೋಗಿ ಕೆಂಪು ದೀಪವೂ ಹಳದಿ ದೀಪವೂ ಒಂದೇ ಆಗಿದ್ದ ಸಂಚಾರ ಚಿಹ್ನೆಗಳ ಚಾರ್ಟು. ಮೂಲೆಯಲ್ಲಿ, ಒಳಗಿನ ಹಲ್ಲುಗಳೆಲ್ಲ ಕಾಣುವ ಹಾಗೆ ಅರ್ಧಕ್ಕೆ ಕೊಯ್ದಿಟ್ಟ ಹಳೆಯ ಗೇರ್ ಬಾಕ್ಸು. ಎದುರಿನ ಮಳಿಗೆಯಲ್ಲಾದರೆ ಗಾಜಿನ ಬಾಗಿಲು, ಮೆತ್ತನೆಯ ಸೋಫಾ, ಕುಂಡದಲ್ಲೊಂದು ಅಗಲ ಎಲೆಯ ಗಿಡ. "ಗಾಡಿ ಕಲಿಯೋಕೆ ಬರ್ತಾರೋ, ಕೂದಲು ಕತ್ತರಿಸಿಕೊಳ್ಳೋಕೆ ಬರ್ತಾರೋ" ಎಂದು ಮೇಷ್ಟ್ರು ಮೂಗು ಮುರಿಯುತ್ತಿದ್ದರು. ಹಾಗೆ ಮೂಗು ಮುರಿದ ವಾರವೇ ಪೇಟೆಗೆ ಹೋಗಿ ತಾವೂ ಒಂದು ಗಿಡ ತಂದರು. ಅದು ಒಣಗಿತು. ಆಚೆಯ ಗಿಡ ಮಾತ್ರ ದಿನದಿನಕ್ಕೆ ಕೊಬ್ಬುತ್ತಿತ್ತು.

ಎದುರಿನವಳ ಗಾಡಿ ರಸ್ತೆಯ ನಡುವೆ ಆಫ್ ಆಗಿ ನಿಂತರೆ ಮೇಷ್ಟ್ರ ಮುಖ ಅರಳುತ್ತಿತ್ತು. ಒಮ್ಮೆ ಅವಳ ಬಳಿ ಕಲಿಯುತ್ತಿದ್ದವನೊಬ್ಬ ಗೇಟಿನ ಕಂಬಕ್ಕೆ ಉಜ್ಜಿದ. ಆ ಸಂಜೆ ಮೇಷ್ಟ್ರು ಯಾವುದೋ ಹಳೆಯ ಹಾಡು ಗುನುಗುತ್ತಾ ಒಳಗೆ ಬಂದಾಗ ಅವರ ಹೆಂಡತಿ ಒಲೆಯ ಮುಂದಿಂದ ತಿರುಗದೆಯೇ ಕೇಳಿದರು, "ಯಾರ ಗಾಡಿಗೆ ಗೀರು ಬಿತ್ತು ಇವತ್ತು?"

ಇನ್ನು ಬ್ರೇಕಿನ ವಿಷಯ. ಕಲಿಸುವ ಗಾಡಿಯಲ್ಲಿ ಪಕ್ಕದ ಸೀಟಿನ ಕಾಲಡಿಗೂ ಒಂದು ಬ್ರೇಕು, ಒಂದು ಕ್ಲಚ್ಚು ಇರುತ್ತದೆ, ಕಲಿಯುವವರು ಕೈಕಾಲು ಬಿಟ್ಟರೆ ಕಲಿಸುವವರು ಹಿಡಿಯಲಿ ಎಂದು. ಮೇಷ್ಟ್ರ ಪಾದ ಜೀವಮಾನವೆಲ್ಲ ಇದ್ದದ್ದು ಆ ಬ್ರೇಕಿನ ಮೇಲೆ. ಬೆಕ್ಕು ಅಡ್ಡ ಬಂದರೆ ಒತ್ತುವರು. ಬೆಕ್ಕು ಬರಬಹುದು ಅನ್ನಿಸಿದರೂ ಒತ್ತುವರು. ಅವರ ಗಾಡಿಯಲ್ಲಿ ಕಲಿಯುವವರ ಬ್ರೇಕಿನ ರಬ್ಬರು ಕಂಪನಿಯಿಂದ ಬಂದಾಗ ಹೇಗಿತ್ತೋ ಹಾಗೇ ಇತ್ತು. ಪಕ್ಕದ ಸೀಟಿನದ್ದು ಮಾತ್ರ ಸವೆದು ಬೋಳಾಗಿ, ಬದಲಿಸಿ, ಮತ್ತೆ ಬೋಳಾಗಿತ್ತು. ಊಟದ ಮೇಜಿನಡಿ, ಟಿವಿಯ ಮುಂದೆ, ಬೇರೆಯವರ ಮನೆಯಲ್ಲಿ ಕೂತಾಗಲೂ ಅವರ ಪಾದ ನೆಲವನ್ನು ಒತ್ತುತ್ತಿತ್ತು.

ಕಲಿತವರು ಇಂಟರ್ನೆಟ್ಟಿನಲ್ಲಿ ನಕ್ಷತ್ರ ಕೊಡುವ ಕಾಲ ಬಂದಾಗ ಮೇಷ್ಟ್ರ ನೆಮ್ಮದಿ ಪೂರ್ತಿ ಕೆಟ್ಟಿತು. ಬೆಳಿಗ್ಗೆ ಹಲ್ಲುಜ್ಜುವ ಮೊದಲೇ ಫೋನು ತೆಗೆದು ಎದುರಿನವಳ ನಕ್ಷತ್ರ ನೋಡುವರು, ಆಮೇಲೆ ತಮ್ಮದು. ಅವಳದ್ದು ಐದಕ್ಕೆ ಐದು ಮುಟ್ಟುತ್ತಿತ್ತು. ಇವರದ್ದು ಮೂರರ ಹತ್ತಿರ ಹೊಯ್ದಾಡುತ್ತಿತ್ತು. 'ಮೇಡಂ ತುಂಬಾ ತಾಳ್ಮೆ', 'ಮೇಡಂ ಅಂದ್ರೆ ಅಕ್ಕನ ಥರ' ಎಂದು ಜನ ಅವಳಿಗೆ ಬರೆದದ್ದನ್ನು ಓದುತ್ತಾ ಓದುತ್ತಾ ಕಾಫಿ ತಣ್ಣಗಾಗಲು ಬಿಡುವರು. ತಮ್ಮದರಲ್ಲಿ ಅವರನ್ನು ಮುಳ್ಳಿನಂತೆ ಚುಚ್ಚುತ್ತಿದ್ದದ್ದು ಒಂದೇ ಬರಹ. ಬರೆದವರ ಹೆಸರಿನ ಜಾಗದಲ್ಲಿ 'ಒಬ್ಬ ಹಳೆಯ ವಿದ್ಯಾರ್ಥಿ' ಎಂದಷ್ಟೇ ಇತ್ತು. ಕೊಟ್ಟಿದ್ದು ಒಂದೇ ಒಂದು ನಕ್ಷತ್ರ. 'ಮೇಷ್ಟ್ರು ಒಳ್ಳೆಯವರು. ಆದರೆ ಬ್ರೇಕನ್ನು ಅವರೇ ಒತ್ತುತ್ತಾರೆ. ನಾನು ಕಲಿಯಲೇ ಇಲ್ಲ.'

"ಇದು ಅವಳದ್ದೇ" ಎಂದರು ಮೇಷ್ಟ್ರು ತಮ್ಮ ಗೆಳೆಯನಿಗೆ. ಈ ಗೆಳೆಯ ಊರಿನ ಲೈಬ್ರರಿಯಲ್ಲಿ ಕೆಲಸದಲ್ಲಿದ್ದವನು. ಚಿಕ್ಕಂದಿನಿಂದ ಜೊತೆ. ಲೈಬ್ರರಿ ತೆರೆಯುವ ಮೊದಲು ದಿನಾ ಬೆಳಿಗ್ಗೆ ಆ ಬೆಂಚಿನ ಮೇಲೆ ಕೂತು ಕಾಫಿ ಕುಡಿಯುವುದು ಅವನ ರೂಢಿ. "ನಾನು ಬ್ರೇಕ್ ಒತ್ತೋದು ಅವಳಿಗಲ್ದೆ ಇನ್ಯಾರಿಗೆ ಗೊತ್ತು?"

"ನಿನ್ನ ಗಾಡೀಲಿ ಕೂತವರಿಗೆಲ್ಲ ಗೊತ್ತಲ್ಲೋ."

"ನೀನು ಯಾರ ಕಡೆ?"

"ನಾನು ಕಾಫಿ ಕಡೆ." ಲೋಟ ಮುಂದೆ ಚಾಚಿದ. ಮೇಷ್ಟ್ರ ಹೆಂಡತಿ ಕಾಫಿ ಬಗ್ಗಿಸಿ ಒಳಗೆ ಹೋದರು.

ಕಳೆದ ವರ್ಷ ಒಂದು ಬೆಳಿಗ್ಗೆ ಮೇಷ್ಟ್ರ ಫೋನಿಗೆ ಸಂದೇಶ ಬಂತು. 'ನಿಮ್ಮ ಶಾಲೆಗೆ ಒಂದು ನಕ್ಷತ್ರ ಕೊಟ್ಟವರು ನಿಮಗೆ ತೀರಾ ಹತ್ತಿರದಲ್ಲಿದ್ದಾರೆ. ಯಾರೆಂದು ತಿಳಿಯಲು ಈ ಆಪ್ ಹಾಕಿಕೊಳ್ಳಿ.' ಇಂಥ ಸಂದೇಶವನ್ನು ಮೋಸಗಾರರು ಬಲೆ ಬೀಸಿದ ಹಾಗೆ ಸಾವಿರಾರು ಅಂಗಡಿ ಮುಂಗಟ್ಟಿನವರಿಗೆ ಕಳಿಸುತ್ತಾರಂತೆ. ಮೇಷ್ಟ್ರಿಗೆ ಅದು ತಮಗೊಬ್ಬರಿಗೇ ಬಂದ ದೂತನಂತೆ ಕಂಡಿತು. ತೀರಾ ಹತ್ತಿರ. ಅವರು ತಲೆಯೆತ್ತಿ ಕಿಟಕಿಯಾಚೆ ನೋಡಿದರು. ಎದುರಿನವಳು ಗಾಜಿನ ಬಾಗಿಲು ಒರೆಸುತ್ತಿದ್ದಳು. ಇನ್ನೇನು ಬೇಕು?

'ಈ ಫೈಲ್ ಅಪಾಯಕಾರಿಯಾಗಿರಬಹುದು' ಎಂದಿತು ಫೋನು. ಮೇಷ್ಟ್ರು 'ಆಗಲಿ' ಒತ್ತಿದರು. ಸಂದೇಶಗಳನ್ನು ಓದಲು ಬಿಡುತ್ತೀರಾ ಎಂದು ಕೇಳಿತು, ಬಿಟ್ಟರು. ಎಲ್ಲ ನಂಬರುಗಳನ್ನು ನೋಡಲೇ ಎಂದು ಕೇಳಿತು, ನೋಡು ಅಂದರು. ಬೆಕ್ಕು ಬರಬಹುದು ಎಂಬ ಅನುಮಾನಕ್ಕೇ ಬ್ರೇಕ್ ಒತ್ತುವ ಮನುಷ್ಯ ಅವತ್ತು ಕೇಳಿಕೇಳಿದ್ದಕ್ಕೆಲ್ಲ ದಾರಿ ಬಿಟ್ಟರು. ಪರದೆಯ ಮೇಲೆ ಸಣ್ಣದೊಂದು ಚಕ್ರ ತಿರುಗತೊಡಗಿತು. 'ಹುಡುಕಲಾಗುತ್ತಿದೆ.' ಪರೀಕ್ಷೆಯ ಫಲಿತಾಂಶಕ್ಕೆ ಕಾದಂತೆ ಅವರು ಅದನ್ನೇ ನೋಡುತ್ತಾ ಕೂತರು. ಕೈಯಲ್ಲಿ ಫೋನು ಬೆಚ್ಚಗಾಗಿ, ಆಮೇಲೆ ಬಿಸಿಯಾಯಿತು.

ಅಷ್ಟರಲ್ಲಿ ಒಳಗೆ ಹೆಂಡತಿಯ ಫೋನು ಹೊಡೆದುಕೊಂಡಿತು. ಆಕಡೆಯಿಂದ ಮಾತಾಡಿದ್ದು ಹೂವಿನ ಅಂಗಡಿಯ ಅಜ್ಜಿ. ಈ ವಯಸ್ಸಿನಲ್ಲಿ ಗಾಡಿ ಕಲಿಯುವ ಹುಮ್ಮಸ್ಸಿನಲ್ಲಿದ್ದವರು. "ಮೇಷ್ಟ್ರು ಅದೇನೋ ಕಳಿಸಿದಾರಲ್ಲಮ್ಮ, ಹೊಸ ಆಪಂತೆ, ಕ್ಲಾಸಿನ ಟೈಮು ಇನ್ಮೇಲೆ ಅದರಲ್ಲೇ ಬರುತ್ತಂತೆ. ನನಗೆ ಕನ್ನಡಕ ಸಿಗ್ತಿಲ್ಲ. ನೀವೇ ಹೇಳಿಬಿಡಿ, ನಾಳೆ ಎಷ್ಟು ಹೊತ್ತಿಗೆ ಬರ್ಲಿ?"

ಹೆಂಡತಿ ಹೊರಗೆ ಬಂದರು. "ರೀ, ನೀವು ಯಾವ ಆಪ್ ಮಾಡಿಸಿದ್ರಿ?"

"ನಾನೆಲ್ಲಿ ಮಾಡಿಸಿದೆ?"

"ಮತ್ತೆ ಎಲ್ಲರಿಗೂ ನಿಮ್ಮ ಹೆಸರಲ್ಲಿ ಹೋಗ್ತಿದೆಯಲ್ಲ."

ಮೇಷ್ಟ್ರು ಫೋನಿನ ಕಡೆ ನೋಡಿದರು. ಚಕ್ರ ತಿರುಗುತ್ತಲೇ ಇತ್ತು. ಅದರ ಮೇಲಿಂದ ಬ್ಯಾಂಕಿನ ಸಂದೇಶವೊಂದು ಇಳಿದು ಬಂತು. ಅದರ ಬೆನ್ನಿಗೆ ಇನ್ನೊಂದು. ಲೈಬ್ರರಿಯ ಗೆಳೆಯ ಎಂದಿನಂತೆ ಕಾಫಿಗೆ ಒಳಗೆ ಬಂದವನು ಅವರ ಮುಖ ನೋಡಿದ, ಫೋನು ನೋಡಿದ, ಬೆಂಚಿನ ಮೇಲೆ ಕೂರಲಿಲ್ಲ. ಹಿಂದಿನ ವರ್ಷ ಅವನ ಅಕ್ಕನಿಗೂ ಹೀಗೇ ಆಗಿ, ಅವನು ಅವಳ ಜೊತೆ ಕಚೇರಿಯಿಂದ ಕಚೇರಿಗೆ ಅಲೆದಿದ್ದ.

"ಮೊದಲು ನೆಟ್ ಆಫ್ ಮಾಡೋ. ವೈಫೈ ಕೂಡ. ಸಿಮ್ ತೆಗಿ."

"ಹುಡುಕ್ತಾ ಇದೆ ಕಣೋ, ಇನ್ನೊಂದು ನಿಮಿಷ—"

"ಅದು ಹುಡುಕ್ತಿರೋದು ನಿನ್ನ ದುಡ್ಡು ಕಣೋ. ತಾ ಇಲ್ಲಿ."

ಫೋನು ಬಾಯಿ ಮುಚ್ಚಿಕೊಂಡು ಮೇಜಿನ ಮೇಲೆ ಮಲಗಿತು. ಮೇಷ್ಟ್ರು ಅದರೊಳಗಿನದ್ದನ್ನೆಲ್ಲ ಅಳಿಸಿಹಾಕಲು ಹೊರಟಿದ್ದರು, ಗೆಳೆಯ ಬಿಡಲಿಲ್ಲ. ಬಂದ ಸಂದೇಶ, ಆ ಆಪು, ಎಲ್ಲ ಪೊಲೀಸರಿಗೆ ತೋರಿಸಬೇಕು, ಆಮೇಲೆ ಮೊಬೈಲ್ ಅಂಗಡಿಗೆ ಕೊಟ್ಟು ಪೂರ್ತಿ ತೊಳೆಸಿದರಾಯಿತು ಅಂದ. ಬ್ಯಾಂಕಿಗೆ ಹೆಂಡತಿಯ ಫೋನಿನಿಂದ ಕರೆ ಹೋಯಿತು. ನಂಬರನ್ನು ಪಾಸ್‌ಬುಕ್ಕಿನ ಹಿಂಬದಿಯಿಂದ ನೋಡಿ ಒತ್ತಿದರು, ಇಂಟರ್ನೆಟ್ಟಿನಲ್ಲಿ ಹುಡುಕಲು ಹೋದರೆ ಅಲ್ಲೂ ಕಳ್ಳ ನಂಬರು ಕೂತಿರುತ್ತದೆ ಎಂದು. ಗಾಡಿಗೆ ಹೊಸ ಟೈರು ಹಾಕಿಸಲು ಇಟ್ಟದ್ದು ಅಷ್ಟರಲ್ಲೇ ಹೋಗಿತ್ತು. ಉಳಿದದ್ದನ್ನು ಬ್ಯಾಂಕಿನ ಹುಡುಗಿ ತಡೆದಳು, ಕಾರ್ಡು ನಿಲ್ಲಿಸಿದಳು.

"ಯಾವ ಆಪ್ ಹಾಕಿಕೊಂಡ್ರಿ ಸರ್?" ಎಂದು ಅವಳು ಕೇಳಿದಾಗ ಮೇಷ್ಟ್ರು ಕಿಟಕಿಯ ಕಡೆ ನೋಡಿ, "ಹವಾಮಾನದ್ದು" ಅಂದರು.

ಆಮೇಲೆ ಸೈಬರ್ ಪೊಲೀಸರಿಗೆ ದೂರು. ಅಲ್ಲೂ ಹವಾಮಾನ ಎಂದೇ ಶುರು ಮಾಡಿದ್ದರು. ಗೆಳೆಯ ಫೋನಿಗೆ ಕೈ ಅಡ್ಡ ಹಿಡಿದ. "ಇದ್ದದ್ದು ಇದ್ದಂಗೆ ಹೇಳೋ. ಇಲ್ಲಾಂದ್ರೆ ಅವರು ಹೋಗಿ ಹವಾಮಾನದವರನ್ನ ಹಿಡ್ಕೊಂಡು ಬರ್ತಾರೆ." ಮೇಷ್ಟ್ರು ಹೇಳಿದರು, ಆದರೆ ದನಿ ಎಷ್ಟು ತಗ್ಗಿಸಿದರೆಂದರೆ ಆಕಡೆಯವರು ಜೋರಾಗಿ ಹೇಳಿ, ಜೋರಾಗಿ ಹೇಳಿ ಎನ್ನುತ್ತಲೇ ಇದ್ದರು. "ಒಂದು ನಕ್ಷತ್ರ ಯಾರು ಕೊಟ್ರು ಅಂತ ನೋಡೋಕೆ" ಎಂದು ಕೊನೆಗೆ ಇಡೀ ಬೀದಿಗೆ ಕೇಳುವಂತೆ ಕೂಗಬೇಕಾಯಿತು. ಮೇಲ್ ಪಾಸ್‌ವರ್ಡನ್ನು ಗೆಳೆಯ ಹೆಂಡತಿಯ ಫೋನಿನಲ್ಲೇ ಬದಲಿಸಿಕೊಟ್ಟ.

"ಮುಗೀತಲ್ಲ?" ಅಂದರು ಮೇಷ್ಟ್ರು.

"ಮುಖ್ಯವಾದ್ದು ಬಾಕಿ ಇದೆ. ಎಲ್ಲರಿಗೂ ಹೇಳ್ಬೇಕು."

"ಯಾರಿಗೂ ಹೇಳೋದು ಬೇಡ."

"ನಿನ್ನ ಹೆಸರು ನೋಡಿ ತೆರೀತಾರೆ ಕಣೋ. ಆ ಅಜ್ಜಿಗೆ ಈಗ ಕನ್ನಡಕ ಸಿಕ್ಕಿದ್ರೆ ಏನು ಗತಿ?"

ಕಲಿಯುವವರ ನಂಬರುಗಳೆಲ್ಲ ಇದ್ದದ್ದು ಮೇಜಿನ ಮೇಲೆ ಮಲಗಿದ್ದ ಫೋನಿನಲ್ಲಿ. ಅದನ್ನು ಮತ್ತೆ ಎಬ್ಬಿಸಲು ಗೆಳೆಯ ಒಪ್ಪುವವನಲ್ಲ. ನಂಬರು ಸಿಕ್ಕಿದರೂ ಒಬ್ಬೊಬ್ಬರಿಗೇ ಫೋನು ಮಾಡುತ್ತಾ ಕೂತರೆ ಸಂಜೆಯಾಗುತ್ತದೆ. ಎಲ್ಲರಿಗೂ ಒಟ್ಟಿಗೆ ಮುಟ್ಟುವ ದಾರಿ ಒಂದಿತ್ತು. ಲೈಸೆನ್ಸ್ ಪರೀಕ್ಷೆಯ ಮೈದಾನಕ್ಕೆ ಹೋಗುವವರೆಲ್ಲ, ಯಾವ ಶಾಲೆಯವರೇ ಆಗಲಿ, ಫೋನಿನಲ್ಲಿ ಒಂದು ಗುಂಪಿನಲ್ಲಿದ್ದರು. ಪರೀಕ್ಷೆ ಯಾವತ್ತು, ಮೈದಾನ ಒದ್ದೆಯಾಗಿದೆಯೇ, ಎಲ್ಲ ಅದರಲ್ಲೇ ಬರುತ್ತಿತ್ತು. ಆ ಗುಂಪನ್ನು ಮಾಡಿದವಳು, ನಡೆಸುತ್ತಿದ್ದವಳು ಎದುರಿನವಳು. ಮೇಷ್ಟ್ರು ಮಾತು ಬಿಟ್ಟ ವರ್ಷವೇ ಅದರಿಂದ ಹೊರಗೆ ಬಂದಿದ್ದರು.

"ಅವಳ ಮುಂದೆ ಹೋಗಿ ನಿಲ್ಲು ಅಂತೀಯಾ? ಅದಕ್ಕಿಂತ ದುಡ್ಡು ಪೂರ್ತಿ ಹೋಗ್ಲಿ."

"ಹೋಗ್ತಿರೋದು ನಿನ್ನದಲ್ವಲ್ಲ ಈಗ."

ಮೇಷ್ಟ್ರು ಎದ್ದು ಕಿಟಕಿಯ ಬಳಿ ಹೋದರು. ಎದುರಿನವಳು ಬಕೆಟ್ಟು, ಬಟ್ಟೆ ಹಿಡಿದು ಗಾಡಿ ತೊಳೆಯುತ್ತಿದ್ದಳು. ಹೊಸ ಗಾಡಿ. ಬಿಸಿಲಿಗೆ ಹೊಳೆದು ಇವರ ಕಣ್ಣು ಕುಕ್ಕಿತು. ಅವಳ ಫೋನು ಬಾನೆಟ್ಟಿನ ಮೇಲಿತ್ತು. ಅವಳು ಗಾಜು ಒರೆಸುತ್ತಲೇ ಒಮ್ಮೆ ಅದರ ಕಡೆ ಬಾಗಿ ನೋಡಿದಳು. ನೋಡಿ, ಒರೆಸುವುದನ್ನು ನಿಲ್ಲಿಸಿದಳು. ಬಟ್ಟೆಯನ್ನು ಬಕೆಟ್ಟಿಗೆ ಹಾಕಿದಳು. ಕೈಯನ್ನು ಅಂಗಿಗೆ ಉಜ್ಜಿ ಒಣಗಿಸಿಕೊಳ್ಳತೊಡಗಿದಳು. ಮುಖದಲ್ಲಿ ಸಣ್ಣ ನಗು.

ಮೇಷ್ಟ್ರಿಗೆ ಅರ್ಥವಾಯಿತು. ಅವಳ ನಂಬರೂ ಅವರ ಫೋನಿನಲ್ಲಿತ್ತು. ಎಷ್ಟೋ ವರ್ಷಗಳ ಮೇಲೆ ಮೇಷ್ಟ್ರಿಂದ ಸಂದೇಶ ಬಂದಿದೆ ಎಂದು ಅವಳು ನಗುತ್ತಿದ್ದಳು. ಬೇರೆ ಯಾರು ಕಳಿಸಿದ್ದರೂ ಅನುಮಾನಪಡುವ ಜಾಣೆ. ಮೇಷ್ಟ್ರು ಕಳಿಸಿದ್ದನ್ನು ಕಣ್ಣು ಮುಚ್ಚಿ ತೆರೆಯುತ್ತಾಳೆ.

ತೆರೆಯಲಿ.

ಆ ಕಿಟಕಿಯ ಮುಂದೆ ಆ ಗಳಿಗೆಯಲ್ಲಿ ತಮಗೆ ಏನನ್ನಿಸಿತು ಎಂಬುದನ್ನು ಮೇಷ್ಟ್ರು ಆಮೇಲೆ ಮುಚ್ಚಿಡಲಿಲ್ಲ. ಮೈಯೆಲ್ಲ ತಣ್ಣಗಾದ ಹಾಗೆ ಹಿತವಾಯಿತಂತೆ. ಅವಳದ್ದೂ ಹೋಗಲಿ. ಹೊಸ ಗಾಡಿಯ ಕಂತು ಹೋಗಲಿ, ಸೋಫಾ ಹೋಗಲಿ. ಅವಳ ಹೆಸರಿನಲ್ಲೂ ಊರಿಗೆಲ್ಲ ಹೋಗಿ, ನಕ್ಷತ್ರಗಳೆಲ್ಲ ಒಂದೊಂದಾಗಿ ಉದುರಲಿ. ನಾನೇನು ಕಳಿಸಿದ್ದಲ್ಲವಲ್ಲ. ನಾನು ಇಲ್ಲಿ ಸುಮ್ಮನೆ ನಿಂತಿದ್ದೇನೆ ಅಷ್ಟೇ. ಇಷ್ಟು ವರ್ಷ ಬಯಸಿದ್ದು ಬೆರಳೆತ್ತದೆ ಕೈಗೂಡುತ್ತಿತ್ತು. ಅವಳು ಒಣಗಿದ ಕೈಯನ್ನು ಫೋನಿನ ಕಡೆ ಚಾಚಿದಳು.

ಅಷ್ಟರಲ್ಲಿ ಅವರ ಪಾದ ನೆಲವನ್ನು ಬಲವಾಗಿ ಒತ್ತಿತು. ಒತ್ತಿದ್ದು ತಾವಲ್ಲ, ಪಾದ ಎಂದೇ ಅವರು ಹೇಳುತ್ತಿದ್ದರು. ಮರುಗಳಿಗೆ ಚಪ್ಪಲಿ ಇಲ್ಲದೆ ಹೊರಗೆ ಓಡಿ, ಆಚೆ ಈಚೆ ನೋಡದೆ ರಸ್ತೆಗೆ ನುಗ್ಗಿದರು. ಬಸ್ಸೊಂದು ಕಿರ್ರೆಂದು ನಿಂತಿತು. ಡ್ರೈವರು ತಲೆ ಹೊರಗೆ ಹಾಕಿ, "ಯಜಮಾನ್ರೇ, ರಸ್ತೆ ದಾಟೋದು ಯಾರು ಕಲಿಸಿದ್ದು?" ಎಂದು ಬೈದ. ನೋಡಿದರೆ ಅವನೂ ಇವರ ಹತ್ತಿರವೇ ಕಲಿತವನು.

"ಮುಟ್ಬೇಡ ಅದನ್ನ" ಎಂದರು ಮೇಷ್ಟ್ರು. ಮಾತು ಬಿಟ್ಟ ಮೇಲೆ ಎದುರಿನವಳೊಂದಿಗೆ ಅವರು ಆಡಿದ ಮೊದಲ ಮಾತು ಅದು.

ಅವಳ ಬೆರಳು ಪರದೆಯ ಮೇಲೇ ನಿಂತಿತು. "ಯಾಕೆ ಮೇಷ್ಟ್ರೇ? ನೀವೇ ಕಳಿಸಿದ್ದಲ್ವಾ?"

"ನಾನಲ್ಲ. ಕಳ್ಳರು. ನಾನು ಮೋಸಹೋದೆ ಕಣಮ್ಮ."

ಅವಳು ಫೋನನ್ನು ಅಂಗೈಯಲ್ಲಿ ಬೋರಲು ಹಾಕಿಕೊಂಡಳು. ಏನಾಯಿತೆಂದು ಕೇಳಿದಳು. ಎಲ್ಲ ಹೇಳಿ, ಆಪ್ ಹಾಕಿಕೊಂಡದ್ದು ಯಾಕೆ ಎಂಬಲ್ಲಿಗೆ ಬಂದಾಗ ಮೇಷ್ಟ್ರಿಗೆ ಮತ್ತೆ ಹವಾಮಾನ ನೆನಪಾಯಿತು. ಆದರೆ ಬರಿಗಾಲಲ್ಲಿ ಓಡಿಬಂದ ಮನುಷ್ಯನಿಗೆ ಹವಾಮಾನ ಒಪ್ಪುವುದಿಲ್ಲ. "ಆ ಒಂದು ನಕ್ಷತ್ರ ಕೊಟ್ಟಿದ್ದು ಯಾರು ಅಂತ ನೋಡೋಕೆ. ನೀನೇ ತಾನೇ?"

"ಬ್ರೇಕಿನದ್ದಾ?" ಎಂದಳು ಅವಳು. ಅವಳಿಗೂ ಗೊತ್ತಿತ್ತು. ಅವಳೂ ಬೆಳಿಗ್ಗೆ ಇವರ ನಕ್ಷತ್ರ ನೋಡುತ್ತಿದ್ದಳು ಎಂದಾಯಿತು. "ನಾನು ಬರೆದಿದ್ರೆ ಹೆಸರು ಹಾಕ್ತಿದ್ದೆ ಮೇಷ್ಟ್ರೇ. ಬನ್ನಿ ಇಲ್ಲಿ." ಗಾಡಿಯ ಬಾಗಿಲು ತೆಗೆದು ಪಕ್ಕದ ಸೀಟಿನ ಬ್ರೇಕು ತೋರಿಸಿದಳು. ಹೊಸ ಗಾಡಿ, ಆಗಲೇ ರಬ್ಬರು ಸವೆದು ಬೋಳಾಗಿತ್ತು. "ನಿಮ್ಮಿಂದ ಬಂದ ರೋಗ ಇದು. ನಾನು ಯಾವ ಬಾಯಲ್ಲಿ ಬರೀಲಿ? ಈಗೀಗ ಸ್ವಲ್ಪ ವಾಸಿ ಆಗ್ತಿದೆ."

"ಹೇಗೆ?"

"ಪಾದಕ್ಕೆ ಪಾದ ಹೆಣೆದು ಸೀಟಿನ ಕೆಳಗೆ ಎಳ್ಕೊಂಡು ಕೂರ್ತೀನಿ. ಜೀವ ಹೋದಂಗೆ ಆಗುತ್ತೆ. ಆದ್ರೆ ಅವರು ಕಲೀತಾರೆ."

ಇದೊಂದು ಉಪಾಯವೂ ಅವಳಿಗೇ ಹೊಳೆಯಬೇಕಿತ್ತೇ ಎಂದು ಮೇಷ್ಟ್ರಿಗೆ ಆಗಲೇ ಹೊಟ್ಟೆಯೊಳಗೆ ಚುರುಗುಟ್ಟುತ್ತಿತ್ತು.

ಗುಂಪಿಗೆ ಬರೆದು ಹಾಕಲು ಹೇಳಿದರು. ಅವಳು ಬೇಡವೆಂದು ತಲೆಯಾಡಿಸಿದಳು. ಬರೆದರೆ ಅದೂ ಕಳ್ಳರದ್ದೇ ಅಂದುಕೊಳ್ಳುತ್ತಾರೆ, ನಿಮ್ಮ ದನಿ ಎಲ್ಲರಿಗೂ ಗೊತ್ತು, ನೀವೇ ಮಾತಾಡಿ ಎಂದು ಫೋನನ್ನು ಅವರ ಬಾಯಿಯ ಮುಂದೆ ಹಿಡಿದಳು. ಮೇಷ್ಟ್ರು ಗಂಟಲು ಸರಿಮಾಡಿಕೊಂಡು, ಮೈದಾನದಲ್ಲಿ ಹೊಸಬರಿಗೆ ಹೇಳುವ ಅದೇ ಧಾಟಿಯಲ್ಲಿ ಮಾತಾಡಿದರು.

"ಕೇಳಿಸ್ಕೊಳ್ಳಿ. ನಾನು ಮೇಷ್ಟ್ರು. ನನ್ನ ಹೆಸರಲ್ಲಿ ಒಂದು ಆಪ್ ಬಂದಿರುತ್ತೆ, ಅದನ್ನ ಮುಟ್ಬೇಡಿ. ಮುಟ್ಟಿ ಆಗಿದ್ರೆ ಗಾಬರಿ ಬೇಡ, ಮೊದಲು ನೆಟ್ ಆಫ್. ಆಮೇಲೆ ಮನೇಲಿ ಇನ್ನೊಬ್ಬರ ಫೋನಿಂದ ಬ್ಯಾಂಕಿಗೆ ಹೇಳಿ, ಪೊಲೀಸರಿಗೆ ಹೇಳಿ, ಪಾಸ್‌ವರ್ಡ್ ಬದಲಾಯಿಸಿ. ಹೇಗಾಯ್ತು ಅಂತ ಕೇಳಿದ್ರೆ ಇದ್ದದ್ದು ಇದ್ದಂಗೆ ಹೇಳಿ. ನಾಚಿಕೆಗೆ ಕೂತರೆ ಹೊತ್ತು ಹೋಗುತ್ತೆ, ಅಷ್ಟು ಹೊತ್ತೂ ಕಳ್ಳ ಕೆಲಸ ಮಾಡ್ತಿರ್ತಾನೆ. ನಾನೇ ಹಾಕ್ಕೊಂಡಿದ್ದೆ ಅದನ್ನ. ನಾನೇ."

ಕೆಲವರು ಆಗಲೇ ತೆರೆದಿದ್ದರು. ಹೆಚ್ಚಿನವರಿಗೆ ಏನೂ ಹೋಗಲಿಲ್ಲ, ಇಬ್ಬರು ಮೂವರಿಗೆ ಸ್ವಲ್ಪ ಹೋಯಿತು. ಮೇಷ್ಟ್ರು ಅವರ ಮನೆಗಳಿಗೆ ತಾವೇ ಹೋಗಿ ಬ್ಯಾಂಕಿಗೆ ಮಾತಾಡಿಸಿದರು. ಹೂವಿನ ಅಂಗಡಿಯ ಅಜ್ಜಿಗೆ ಕನ್ನಡಕ ಮಧ್ಯಾಹ್ನದವರೆಗೂ ಸಿಗಲಿಲ್ಲ. ಟೈರಿನ ಹಣ ತಿರುಗಿ ಬರಲಿಲ್ಲ.

ಇಲ್ಲಿಗೆ ಮೇಷ್ಟ್ರು ಬದಲಾದರು ಎಂದು ಬರೆದರೆ ಓದಲು ಚೆನ್ನಾಗಿರುತ್ತದೆ. ಆದರೆ ಅವತ್ತು ಮಧ್ಯಾಹ್ನ ಅವರು ಹೆಂಡತಿಯ ನಂಬರಿನಿಂದ ಆ ಗುಂಪಿಗೆ ಸೇರಿಕೊಂಡು ನೋಡಿದರೆ, ಎಚ್ಚರಿಕೆಗೆ ಬಂದ ಉತ್ತರಗಳೆಲ್ಲ 'ಥ್ಯಾಂಕ್ಸ್ ಮೇಡಂ', 'ಮೇಡಂ ನೀವಿದ್ದಿದ್ದಕ್ಕೆ ಆಯ್ತು'. ಮೇಷ್ಟ್ರಿಗೆ ಬಂದದ್ದು ಒಂದು ಕೈಮುಗಿಯುವ ಚಿತ್ರ, ಅದೂ ಆ ಬಸ್ ಡ್ರೈವರನದು. "ಮಾತಾಡಿದವನು ನಾನು, ಥ್ಯಾಂಕ್ಸ್ ಅವಳಿಗೆ" ಎಂದು ಮೈ ಪರಚಿಕೊಂಡರು.

"ಅವಳಲ್ಲವಂತೆ" ಎಂದರು ಸಂಜೆ, ಊಟದ ಮೇಜಿನ ಮುಂದೆ.

"ಏನು?" ಎಂದರು ಹೆಂಡತಿ.

"ಆ ನಕ್ಷತ್ರ. ಅವಳು ಕೊಟ್ಟಿದ್ದಲ್ಲವಂತೆ."

"ಅಲ್ಲ."

"ನಿನಗೆ ಹೇಗೆ ಗೊತ್ತು?"

"ನಾನೇ ಕೊಟ್ಟಿದ್ದಲ್ವಾ."

ಮೇಷ್ಟ್ರ ಕೈ ತಟ್ಟೆಯ ಮೇಲೇ ನಿಂತಿತು. ಮದುವೆಯಾದ ಹೊಸದರಲ್ಲಿ ಅವರು ಹೆಂಡತಿಗೆ ಗಾಡಿ ಕಲಿಸಲು ಕೂತದ್ದು, ಆಕೆ ಒಂದು ಬೆಳಿಗ್ಗೆ ನಡುರಸ್ತೆಯಲ್ಲಿ ಕೀ ತೆಗೆದು ಅವರ ಕೈಗಿಟ್ಟು ನಡೆದೇ ಮನೆಗೆ ಬಂದದ್ದು ಈಗ ನೆನಪಾಯಿತು. ಆಕೆಗೆ ಗಾಡಿ ಇಷ್ಟವಿಲ್ಲ ಎಂದೇ ಅವರು ಇಷ್ಟು ವರ್ಷ ತಿಳಿದಿದ್ದರು.

"ನನ್ನ ಮುಖಕ್ಕೇ ಹೇಳ್ಬಹುದಿತ್ತಲ್ಲೆ."

"ಹೇಳಿದ್ದೆ. ನೀವು ಬ್ರೇಕ್ ಒತ್ತಿದ್ರಿ." ಆಕೆ ಅವರ ತಟ್ಟೆಗೆ ಇನ್ನಷ್ಟು ಅನ್ನ ಹಾಕಿದರು. "ಅಷ್ಟು ದಿನ ಅವಳನ್ನ ಬೈಕೊಂಡು ಓಡಾಡ್ತಿದ್ರಲ್ಲ, ಬಾಯಿಬಿಡೋಣ ಅಂದ್ಕೊಳ್ತಿದ್ದೆ. ಆಮೇಲೆ ನಿಮಗೂ ಒಂದು ಕಾಲಕ್ಷೇಪ ಬೇಕಲ್ಲ ಅಂತ ಸುಮ್ಮನಾದೆ. ಅದು ಇಲ್ಲಿಗೆ ಬಂದು ಮುಟ್ಟುತ್ತೆ ಅಂತ ನನಗೇನು ಗೊತ್ತು?"

"ಸರಿ. ನಾಳೆಯಿಂದ ಕಲಿಸ್ತೀನಿ."

"ನೀವು ಬೇಡ" ಎಂದರು ಹೆಂಡತಿ. ಆಕೆಯ ಕಣ್ಣು ಕಿಟಕಿಯಾಚೆ ಹೋಯಿತು. ಅದು ಎಲ್ಲಿಗೆ ಹೋಯಿತೆಂದು ಮೇಷ್ಟ್ರಿಗೆ ತಿರುಗಿ ನೋಡದೆಯೇ ಗೊತ್ತಾಯಿತು.

ಆ ಮುಂದಿನ ತಿಂಗಳುಗಳಲ್ಲಿ ಪಟ್ಟಷ್ಟು ಸಂಕಟವನ್ನು ಮೇಷ್ಟ್ರು ಜೀವಮಾನದಲ್ಲಿ ಪಟ್ಟಿರಲಾರರು. ಸ್ವಂತ ಹೆಂಡತಿ ದಿನಾ ಬೆಳಿಗ್ಗೆ ಸೆರಗು ಸಿಕ್ಕಿಸಿಕೊಂಡು ರಸ್ತೆ ದಾಟಿ ಹೋಗುವರು, ಎದುರಿನವಳ ಗಾಡಿಯಲ್ಲಿ ಕೂರುವರು. ಮೇಷ್ಟ್ರು ಕಿಟಕಿಯ ಪರದೆಯ ಹಿಂದೆ ನಿಂತು ನೋಡುವರು. ಗಾಡಿ ಆಫ್ ಆದರೆ ಖುಷಿಪಡಬೇಕೋ, ಮರುಗಬೇಕೋ ತಿಳಿಯದೆ ಕೈ ಹಿಸುಕಿಕೊಳ್ಳುವರು. ಆಕೆ ನಗುತ್ತಾ ವಾಪಸು ಬಂದರೆ, ಏನು ಅಷ್ಟು ನಗೋದು ಎಂದು ಸಿಡುಕುವರು. "ಅವಳು ಕನ್ನಡಿ ನೋಡೋದು ಹೇಳಿಕೊಟ್ಟಳಾ?"

"ಮೊದಲನೇ ದಿನವೇ."

"ನಾನು ಕಲಿಸಿದ್ದು ಅದು ಅವಳಿಗೆ."

"ಹಾಗಂತ ಅವಳೇ ಹೇಳಿದ್ಲು."

ಅದೂ ಅವರಿಗೆ ಸಹಿಸಲಾಗಲಿಲ್ಲ. ಇಷ್ಟು ಒಳ್ಳೆಯವಳಾಗಿರುವ ಹಕ್ಕು ಅವಳಿಗೆ ಯಾರು ಕೊಟ್ಟರು ಎಂದು ಗೆಳೆಯನ ಮುಂದೆ ಗೊಣಗಿದರು. ಹೆಂಡತಿ ಮೊದಲ ಪರೀಕ್ಷೆಯಲ್ಲೇ ಪಾಸಾದರು, ರಿವರ್ಸನ್ನು ಒಂದೇ ಸಲಕ್ಕೆ ಹಾಕಿ. ಮನೆಗೆ ಬಂದು, "ರೀ, ಅವಳಿಗೆ ಎಷ್ಟು ನಕ್ಷತ್ರ ಕೊಡ್ಲಿ?" ಎಂದು ಕೇಳಿದರು. "ನನ್ನನ್ನ ಯಾಕೆ ಕೇಳ್ತೀಯ" ಎಂದು ಮುಖ ತಿರುಗಿಸಿದ ಮೇಷ್ಟ್ರು ಮಾರನೆಯ ಬೆಳಿಗ್ಗೆ ಹಲ್ಲುಜ್ಜುವ ಮೊದಲೇ ಫೋನು ತೆಗೆದು ನೋಡಿದರು. ಐದು ಕೊಟ್ಟಿದ್ದರು. ತಮ್ಮದನ್ನೂ ನೋಡಿದರು. ಆ ಹಳೆಯ ಒಂದು ನಕ್ಷತ್ರ ಹಾಗೇ ಇತ್ತು.

ಲೈಸೆನ್ಸ್ ಬಂದ ಮೇಲೆ ಆಕೆ ಸಂತೆಗೆ, ತಂಗಿಯ ಮನೆಗೆ ಶಾಲೆಯ ಗಾಡಿಯನ್ನೇ ಓಡಿಸಿಕೊಂಡು ಹೋಗುತ್ತಿದ್ದರು. ಮೇಷ್ಟ್ರು ಜೊತೆಗೆ ಹೋಗುತ್ತಿರಲಿಲ್ಲ. "ನಾನು ಕೂರಲ್ಲ. ಕೂತರೆ ಒತ್ತುತ್ತೀನಿ, ಒತ್ತಿದ್ರೆ ನೀನು ಕೀ ಕೊಟ್ಟು ಇಳೀತೀಯ" ಎಂದು ಬೆಂಚಿನ ಮೇಲೆ ಗೆಳೆಯನ ಪಕ್ಕ ಕೂತು, ಗಾಡಿ ತಿರುವಿನಲ್ಲಿ ಮರೆಯಾಗುವವರೆಗೆ ನೆಲ ಒತ್ತುತ್ತಿದ್ದರು. ಆ ಬೆಂಚಿನಲ್ಲಿ ಅವರು ಕೂರುತ್ತಿದ್ದ ತುದಿ ಈಗ ಖಾಲಿ. ಗೆಳೆಯ ಇನ್ನೂ ಆಕಡೆ ಸರಿದು ಕೂತಿಲ್ಲ.

ಮಂಗಳವಾರ ನಡೆದದ್ದನ್ನು ಹೇಳಿದ್ದು ಅವರ ಹೆಂಡತಿ. ಬೆಳಿಗ್ಗೆ ಮೇಷ್ಟ್ರು ಎದೆ ಹಿಡಿದುಕೊಂಡು ಗೇರ್ ಬಾಕ್ಸಿನ ಪಕ್ಕ ಕುಸಿದು ಕೂತರು. ಆಂಬುಲೆನ್ಸು ಊರಾಚೆ ಎಲ್ಲೋ ಇತ್ತು, ತಡವಾಗುತ್ತದೆ ಅಂದರು. ಆಕೆ ಮೊಳೆಗೆ ನೇತುಹಾಕಿದ್ದ ಕೀ ತೆಗೆದುಕೊಂಡರು. ಗೆಳೆಯ ಇನ್ನೂ ಬಂದಿರಲಿಲ್ಲ. ಆಕೆ ಒಬ್ಬರೇ ಅವರನ್ನು ಎಬ್ಬಿಸಿ, ಪಕ್ಕದ ಸೀಟಿನಲ್ಲಿ ಕೂರಿಸಿ ಬೆಲ್ಟು ಹಾಕಿದರು. ಬೆಳಗಿನ ಹೊತ್ತು, ರಸ್ತೆ ತುಂಬ ಗಾಡಿ. ಇವರನ್ನು ನೋಡಿದ ಎದುರಿನವಳು ತನ್ನ ಬಳಿ ಕಲಿಯುತ್ತಿದ್ದವನನ್ನು ಅಲ್ಲೇ ಬಿಟ್ಟು ರಸ್ತೆಯ ನಡುವೆ ಬಂದು, ಎರಡೂ ಕೈ ಚಾಚಿ ಎರಡೂ ಕಡೆಯ ಗಾಡಿಗಳನ್ನು ನಿಲ್ಲಿಸಿದಳು. ಮೇಷ್ಟ್ರು ಗಾಜಿನೊಳಗಿಂದ ಅದನ್ನು ನೋಡಿ, "ನೋಡು, ನಿಲ್ಸೋದೂ ಅವಳಿಗೇ ಚೆನ್ನಾಗಿ ಬರುತ್ತೆ" ಎಂದರು. ಅದಾದ ಮೇಲೆ ಮಾತಾಡಲಿಲ್ಲ.

ಆಸ್ಪತ್ರೆಗೆ ಮುಂಚಿನ ತಿರುವಿನಲ್ಲಿ ಹಾಲಿನ ವ್ಯಾನೊಂದು ಪಕ್ಕದ ಬೀದಿಯಿಂದ ಸರ್ರನೆ ನುಗ್ಗಿತು. ಆಕೆಯ ಕಣ್ಣಂಚಿಗೆ ಮೇಷ್ಟ್ರ ಪಾದ ಕಂಡಿತು. ಅದು ಎದ್ದು ಬ್ರೇಕಿನ ಕಡೆ ಹೋಯಿತು, ಹೋಗಿ ಬೋಳು ರಬ್ಬರನ್ನು ಮುಟ್ಟಿತು. ಆಮೇಲೆ ಅವರು ಅದನ್ನು ಹಿಂದಕ್ಕೆ ತೆಗೆದುಕೊಂಡರು, ಇನ್ನೊಂದು ಪಾದಕ್ಕೆ ಹೆಣೆದರು, ಎರಡನ್ನೂ ಸೀಟಿನ ಕೆಳಗೆ ಎಳೆದುಕೊಂಡರು. ಬ್ರೇಕನ್ನು ಆಕೆಯೇ ಒತ್ತಿದರು.